ಕುರಿ-ಮೇಕೆಯ ದುಂಡುಹುಳುಗಳನ್ನು ಪ್ರಭೇದದವರೆಗೆ ಗುರುತಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಮಳೆಗಾಲ ಕಳೆಯುವ ಹೊತ್ತಿಗೆ ಕುರಿ ಬಿಳಿಚಿಕೊಂಡು, ಗದ್ದದ ಕೆಳಗೆ ನೀರು ತುಂಬಿ ಜೋತುಬಿದ್ದರೆ ಕುರಿಗಾರರು ಕೂಡಲೇ "ಜಂತು ಆಗಿದೆ" ಎನ್ನುತ್ತಾರೆ. ಬಹಳ ಸಲ ಅವರ ಮಾತು ಸರಿಯೇ. ಆದರೆ ಯಾವ ಜಂತು? ಯಕೃತ್ತಿನ ಚಪ್ಪಟೆಹುಳು ಕೂಡ ಇದೇ ಊತ ತರುತ್ತದೆ. ದುಂಡುಹುಳುಗಳಲ್ಲೇ ನಾಲ್ಕೈದು ಬಗೆ ಒಂದೇ ಕುರಿಯ ಹೊಟ್ಟೆಯಲ್ಲಿ ಒಟ್ಟಿಗೆ ಇರಬಹುದು. ಒಂದು ರಕ್ತ ಹೀರುತ್ತದೆ, ಇನ್ನೊಂದು ಕರುಳಿನ ಒಳಪದರ ಕೆಡಿಸಿ ಭೇದಿ ತರುತ್ತದೆ, ಮತ್ತೊಂದು ಕರುಳಿನ ಗೋಡೆಯಲ್ಲಿ ಗಂಟು ಕಟ್ಟುತ್ತದೆ.

ಹೆಸರು ತಪ್ಪಿದರೆ ಔಷಧಿಯೂ ತಪ್ಪುತ್ತದೆ. ಕ್ಲೊಸಾಂಟೆಲ್ ಎಂಬ ಜಂತು ಔಷಧಿ ರಕ್ತ ಹೀರುವ ಹುಳುಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ, ಭೇದಿ ತರುವ ಟ್ರೈಕೊಸ್ಟ್ರಾಂಗೈಲಸ್ ಹುಳುವಿನ ಮೇಲೆ ಮಾಡುವುದಿಲ್ಲ. ಕಣ್ಣಿನ ಒಳರೆಪ್ಪೆಯ ಬಣ್ಣವನ್ನು ಐದು ಬಣ್ಣಗಳ ಚೀಟಿಗೆ ಹೋಲಿಸಿ, ರಕ್ತ ಕಡಿಮೆ ಆದ ಕುರಿಗೆ ಮಾತ್ರ ಔಷಧಿ ಕೊಡುವ ಫಮಾಚಾ ಪದ್ಧತಿ ದಕ್ಷಿಣ ಆಫ್ರಿಕದಲ್ಲಿ ಹುಟ್ಟಿತು. ಅದನ್ನು ರೂಪಿಸಿದ್ದು ಹೀಮಾಂಕಸ್ ಎಂಬ ರಕ್ತ ಹೀರುವ ಹುಳುವಿಗಾಗಿ. ಮಂದೆಯಲ್ಲಿ ಬೇರೆ ಹುಳು ಜಾಸ್ತಿ ಇದ್ದರೆ ಆ ಚೀಟಿ ಏನೂ ಹೇಳುವುದಿಲ್ಲ.

ಈ ಬರಹ ಪಶುವೈದ್ಯಕೀಯ ವಿದ್ಯಾರ್ಥಿಗಳು, ಪ್ರಯೋಗಾಲಯದ ಸಹಾಯಕರು ಮತ್ತು ಸೂಕ್ಷ್ಮದರ್ಶಕ ಕೈಗೆ ಸಿಗುವ ಎಲ್ಲ ಆಸಕ್ತರಿಗೆ. ಹಿಕ್ಕೆಯಿಂದ ಶುರು ಮಾಡಿ ಡಿಎನ್‌ಎವರೆಗೆ ಹೋಗೋಣ. ಒಂದು ವಿಷಯ ಮೊದಲೇ ಹೇಳಬೇಕು. ಪ್ರತಿ ಹಂತದ ಸಾಕ್ಷ್ಯಕ್ಕೂ ಒಂದು ಮಿತಿ ಇದೆ. ಮೊಟ್ಟೆ ನೋಡಿ ಗುಂಪು ಹೇಳಬಹುದು, ಮರಿಹುಳು ನೋಡಿ ಕುಲ ಹೇಳಬಹುದು, ಗಂಡುಹುಳುವಿನ ಬಾಲ ನೋಡಿ ಪ್ರಭೇದ ಹೇಳಬಹುದು. ಆ ಮಿತಿ ದಾಟಿ ಬರೆದ ಹೆಸರು ವರದಿಯಲ್ಲಿ ಎಷ್ಟೇ ಚೆನ್ನಾಗಿ ಕಂಡರೂ ಊಹೆಯೇ.

ಮೊದಲು ಮನೆತನ ತಿಳಿಯಿರಿ

ದುಂಡುಹುಳುಗಳ ವಂಶ ನೆಮಟೋಡ. ಹಳೆಯ ಪುಸ್ತಕಗಳು ಇದನ್ನು ದೇಹದ ರಚನೆ ನೋಡಿ ಎರಡು ದೊಡ್ಡ ವರ್ಗ ಮಾಡಿದ್ದವು. 1998ರಲ್ಲಿ ಮಾರ್ಕ್ ಬ್ಲಾಕ್ಸ್‌ಟರ್ ಮತ್ತು ಜೊತೆಗಾರರು ರೈಬೋಸೋಮ್ ಡಿಎನ್‌ಎ ಹೋಲಿಸಿ ಐದು ಕವಲುಗಳನ್ನು ತೋರಿಸಿದರು. ಪ್ರಯೋಗಾಲಯದಲ್ಲಿ ಎಲ್ಲರಿಗೂ ಗೊತ್ತಿರುವ ಸಿ. ಎಲೆಗನ್ಸ್ ಎಂಬ ಮಣ್ಣಿನ ಹುಳುವೂ ಕುರಿಯ ರಕ್ತ ಹೀರುವ ಹೀಮಾಂಕಸ್ಸೂ ಒಂದೇ ಕವಲಿನವು, ಐದನೆಯದು. ಚಾಟಿಹುಳು ಮೊದಲ ಕವಲು. ಎಮ್ಮೆ ಕರುವಿನ ದೊಡ್ಡ ದುಂಡುಹುಳು ಮೂರನೆಯದು. ಸ್ಟ್ರಾಂಗೈಲಾಯ್ಡಿಸ್ ನಾಲ್ಕನೆಯದು.

ಕೆಲಸಕ್ಕೆ ಬೇಕಾದ ಗುರುತುಗಳು ಇಷ್ಟೇ. ಗಂಡುಹುಳುವಿನ ಬಾಲದ ತುದಿಯಲ್ಲಿ ಅಗಲವಾಗಿ ಬಿಚ್ಚಿಕೊಂಡ ಪೊರೆ ಇದ್ದರೆ, ಅಂದರೆ ಬರ್ಸಾ ಇದ್ದರೆ, ಅದು ಸ್ಟ್ರಾಂಗೈಲ್ ಗುಂಪು. ಬಾಯಿಯ ಸುತ್ತ ಮೂರು ದಪ್ಪ ತುಟಿ, ಪೆನ್ಸಿಲ್ ಗಾತ್ರದ ಮೈ ಇದ್ದರೆ ಆಸ್ಕಾರಿಸ್ ಗುಂಪು. ಮುಂಭಾಗ ಕೂದಲಷ್ಟು ತೆಳು, ಹಿಂಭಾಗ ದಪ್ಪ ಇದ್ದರೆ ಚಾಟಿಹುಳು, ಟ್ರೈಕ್ಯೂರಿಸ್. ಕರುಳಿನಲ್ಲಿ ಬರೀ ಹೆಣ್ಣುಗಳೇ ಇದ್ದು, ಅವು ಒಂದು ಸೆಂಟಿಮೀಟರಿಗಿಂತ ಚಿಕ್ಕದಾಗಿ, ಗಂಟಲುನಾಳ ಬಹಳ ಉದ್ದ ಇದ್ದರೆ ಸ್ಟ್ರಾಂಗೈಲಾಯ್ಡಿಸ್.

ಹಂತ 1: ಹಿಕ್ಕೆ ತೆಗೆಯುವುದು

ಹಿಕ್ಕೆಯನ್ನು ನೆಲದಿಂದ ಎತ್ತಬೇಡಿ, ಗುದದಿಂದಲೇ ಕೈಗವಸು ಹಾಕಿಕೊಂಡು ತೆಗೆಯಿರಿ. ನೆಲ ಮುಟ್ಟಿದ ಹಿಕ್ಕೆಗೆ ಮಣ್ಣಿನಲ್ಲಿ ಸ್ವತಂತ್ರವಾಗಿ ಬದುಕುವ ಹುಳುಗಳು ಬೇಗ ಸೇರುತ್ತವೆ. ಮರಿಹುಳು ಬೆಳೆಸಿದಾಗ ಅವೂ ಬೆಳೆದು ತಲೆ ಕೆಡಿಸುತ್ತವೆ. ಒಂದು ಮಂದೆಯಿಂದ ಕನಿಷ್ಠ ಹತ್ತು ಪ್ರಾಣಿಗಳ ಮಾದರಿ ಇದ್ದರೆ ಚೆನ್ನ. ಮರಿ, ದೊಡ್ಡದು ಬೇರೆ ಬೇರೆ ಇಡಿ.

ಪ್ಲಾಸ್ಟಿಕ್ ಕವರಿನ ಗಾಳಿ ಹೊರಗೆ ಹಿಂಡಿ ಕಟ್ಟಿ. ಗಾಳಿ ಕಡಿಮೆ ಆದಷ್ಟೂ ಮೊಟ್ಟೆ ನಿಧಾನವಾಗಿ ಒಡೆಯುತ್ತದೆ. ಬರೀ ಮೊಟ್ಟೆ ಎಣಿಸುವುದಾದರೆ ಫ್ರಿಜ್‌ನಲ್ಲಿ ಇಡಬಹುದು. ಮರಿಹುಳು ಬೆಳೆಸುವುದಿದ್ದರೆ ಫ್ರಿಜ್ ಬೇಡವೇ ಬೇಡ. ಹೀಮಾಂಕಸ್ ಮೊಟ್ಟೆ ಚಳಿಗೆ ಸಾಯುತ್ತದೆ, ಬೇರೆ ಕೆಲವು ಹುಳುಗಳ ಮೊಟ್ಟೆ ಅದನ್ನು ತಡೆದುಕೊಳ್ಳುತ್ತವೆ. ಹಾಗಾಗಿ ಫ್ರಿಜ್‌ನಲ್ಲಿಟ್ಟ ಹಿಕ್ಕೆಯಿಂದ ಬರುವ ಫಲಿತಾಂಶದಲ್ಲಿ ಅತಿ ಅಪಾಯದ ಹುಳುವೇ ಕಡಿಮೆ ಕಾಣುತ್ತದೆ.

ಹಂತ 2: ಮೊಟ್ಟೆ ನೋಡುವುದು

ಒಂದು ಲೀಟರ್ ನೀರಿಗೆ ಸುಮಾರು 400 ಗ್ರಾಂ ಅಡುಗೆ ಉಪ್ಪು ಹಾಕಿ ಕಾಯಿಸಿ ಕರಗಿಸಿ. ಆರಿದ ಮೇಲೆ ತಳದಲ್ಲಿ ಸ್ವಲ್ಪ ಉಪ್ಪು ಉಳಿದಿರಬೇಕು, ಆಗ ದ್ರಾವಣ ಪೂರ್ತಿ ಗಟ್ಟಿಯಾಗಿದೆ ಎಂದು ಅರ್ಥ. 3 ಗ್ರಾಂ ಹಿಕ್ಕೆಯನ್ನು ಇದರ 42 ಮಿಲಿಯಲ್ಲಿ ಕಿವುಚಿ, ಟೀ ಸೋಸುವ ಜರಡಿಯಲ್ಲಿ ಸೋಸಿ, ಮೊಟ್ಟೆ ಎಣಿಸಲೆಂದೇ ಮಾಡಿದ ಮೆಕ್‌ಮಾಸ್ಟರ್ ಸ್ಲೈಡಿನ ಎರಡೂ ಕೋಣೆಗೆ ತುಂಬಿ. ಕೆಲವು ನಿಮಿಷ ಬಿಟ್ಟರೆ ಮೊಟ್ಟೆಗಳು ಮೇಲೆ ತೇಲುತ್ತವೆ. ಎರಡೂ ಕೋಣೆಯ ಮೊಟ್ಟೆ ಕೂಡಿಸಿ 50ರಿಂದ ಗುಣಿಸಿದರೆ ಒಂದು ಗ್ರಾಂ ಹಿಕ್ಕೆಯಲ್ಲಿ ಎಷ್ಟು ಮೊಟ್ಟೆ ಎಂದು ಸಿಗುತ್ತದೆ. ಯಕೃತ್ತಿನ ಚಪ್ಪಟೆಹುಳುವಿನ ಮೊಟ್ಟೆ ಭಾರ, ಉಪ್ಪುನೀರಿನಲ್ಲಿ ತೇಲುವುದಿಲ್ಲ. ಅದಕ್ಕೆ ಹಿಕ್ಕೆಯನ್ನು ನೀರಿನಲ್ಲಿ ತಳಕ್ಕೆ ಇಳಿಸಿ ನೋಡುವ ವಿಧಾನ ಬೇರೆ ಇದೆ.

ಕೆಲವು ಮೊಟ್ಟೆಗಳನ್ನು ನೋಡಿದ ತಕ್ಷಣ ಹೆಸರು ಹೇಳಬಹುದು. ಕಂದು ಬಣ್ಣ, ನಿಂಬೆಯ ಆಕಾರ, ಎರಡು ತುದಿಗೂ ಬಿರಡೆ ಇದ್ದರೆ ಟ್ರೈಕ್ಯೂರಿಸ್. 150 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದಾಟಿದ ದೊಡ್ಡ ಮೊಟ್ಟೆ, ಒಳಗೆ ನಾಲ್ಕರಿಂದ ಎಂಟು ದಪ್ಪ ಕೋಶ ಇದ್ದರೆ ನೆಮಟೊಡೈರಸ್. ಸುಮಾರು 50 ಮೈಕ್ರಾನ್ ಉದ್ದದ ಪುಟ್ಟ ಮೊಟ್ಟೆಯೊಳಗೆ ಮರಿಹುಳು ಮಡಚಿಕೊಂಡು ಕೂತಿದ್ದರೆ ಸ್ಟ್ರಾಂಗೈಲಾಯ್ಡಿಸ್. ಇದನ್ನು ಹೇಳಲು ಹಿಕ್ಕೆ ತಾಜಾ ಇರಬೇಕು. ಹಳೆಯ ಹಿಕ್ಕೆಯಲ್ಲಿ ಬೇರೆ ಮೊಟ್ಟೆಗಳಲ್ಲೂ ಮರಿ ಬೆಳೆದಿರುತ್ತದೆ.

ಉಳಿದವು? ತೆಳು ಸಿಪ್ಪೆ, ಮೊಟ್ಟೆಯಾಕಾರ, 70ರಿಂದ 90 ಮೈಕ್ರಾನ್, ಒಳಗೆ ಕೋಶಗಳ ಗುಂಪು. ಹೀಮಾಂಕಸ್, ಟ್ರೈಕೊಸ್ಟ್ರಾಂಗೈಲಸ್, ಈಸೊಫಾಗೊಸ್ಟೋಮಮ್, ಕೂಪೀರಿಯ ಎಲ್ಲದರ ಮೊಟ್ಟೆಯೂ ಹೀಗೇ. ಉದ್ದ ಅಗಲ ಅಳೆದು ಬೇರ್ಪಡಿಸುವ ಪಟ್ಟಿಗಳು ಇವೆ, ಆದರೆ ಅಳತೆಗಳು ಒಂದರ ಮೇಲೊಂದು ಬೀಳುತ್ತವೆ. ನನ್ನ ಪ್ರಕಾರ ಇಲ್ಲಿ "ಸ್ಟ್ರಾಂಗೈಲ್ ಬಗೆಯ ಮೊಟ್ಟೆ" ಎಂದು ಬರೆದು ನಿಲ್ಲಿಸುವುದೇ ಸರಿ. ಫ್ಲೋರೆಸೆಂಟ್ ಸೂಕ್ಷ್ಮದರ್ಶಕ ಇರುವ ಕಡೆ ಒಂದು ಒಳ್ಳೆಯ ದಾರಿ ಇದೆ. ಕಡಲೆಕಾಯಿಯಿಂದ ತೆಗೆದ ಒಂದು ಪ್ರೋಟೀನಿಗೆ ಹೊಳೆಯುವ ಬಣ್ಣ ಅಂಟಿಸಿ ಹಾಕಿದರೆ ಅದು ಹೀಮಾಂಕಸ್ ಮೊಟ್ಟೆಯ ಸಿಪ್ಪೆಗೆ ಹಿಡಿದುಕೊಳ್ಳುತ್ತದೆ, ಆ ಮೊಟ್ಟೆಗಳು ಹಸಿರಾಗಿ ಹೊಳೆಯುತ್ತವೆ.

ಹಂತ 3: ಮರಿಹುಳು ಬೆಳೆಸಿ ಕುಲ ಹೇಳುವುದು

ಪ್ರಾಣಿ ಬದುಕಿರುವಾಗಲೇ, ಹೆಚ್ಚು ಖರ್ಚಿಲ್ಲದೆ ಕುಲದವರೆಗೆ ಹೋಗಲು ಇದೇ ಅತ್ಯುತ್ತಮ ದಾರಿ. ಹಿಕ್ಕೆ ಪುಡಿ ಮಾಡಿ, ಅಗಲ ಬಾಯಿಯ ಗಾಜಿನ ಬಾಟಲಿಗೆ ಅರ್ಧದಷ್ಟು ಹಾಕಿ. ಒಣಗಿದ್ದರೆ ನೀರು ಚಿಮುಕಿಸಿ, ಭೇದಿಯಂತೆ ತೆಳ್ಳಗಿದ್ದರೆ ಮರದ ಹೊಟ್ಟು ಬೆರೆಸಿ. ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಮುಟ್ಟಿದರೆ ಒದ್ದೆ ಅನ್ನಿಸಬೇಕು. ಮುಚ್ಚಳ ಸಡಿಲವಾಗಿ ಹಾಕಿ 26–27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಏಳು ದಿನ ಇಡಿ. ದಿನಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿಯಾಡಿಸಿ, ಮೇಲ್ಪದರ ಒಣಗಿದ್ದರೆ ಸ್ವಲ್ಪ ನೀರು ಸಿಂಪಡಿಸಿ.

ಏಳು ದಿನದ ನಂತರ ಬಾಟಲಿಗೆ ಉಗುರುಬೆಚ್ಚಗಿನ ನೀರು ಅಂಚಿನವರೆಗೆ ತುಂಬಿ. ಬಾಯಿಗೆ ಪೆಟ್ರಿ ತಟ್ಟೆ ಮುಚ್ಚಿ, ಎರಡನ್ನೂ ಒತ್ತಿ ಹಿಡಿದು ಒಮ್ಮೆಲೇ ಬೋರಲು ಮಾಡಿ. ತಟ್ಟೆಯ ಸುತ್ತ ಸ್ವಲ್ಪ ನೀರು ಹಾಕಿ. ರಾತ್ರಿ ಬಿಟ್ಟರೆ ಬೆಳಗ್ಗೆ ಹೊತ್ತಿಗೆ ಮೂರನೇ ಹಂತದ ಮರಿಹುಳುಗಳು ತಟ್ಟೆಯ ನೀರಿಗೆ ಬಂದಿರುತ್ತವೆ. ಪಿಪೆಟ್‌ನಲ್ಲಿ ಎಳೆದು ಸ್ಲೈಡಿಗೆ ಹಾಕಿ, ಒಂದು ಹನಿ ಅಯೋಡಿನ್ ಬಿಡಿ. ಹುಳು ಸಾಯುತ್ತದೆ, ನೆಟ್ಟಗಾಗುತ್ತದೆ, ಒಳಗಿನ ಕೋಶಗಳು ಎದ್ದು ಕಾಣುತ್ತವೆ. ಅಯೋಡಿನ್ ಹಾಕುವವರೆಗೂ ಕೈಗವಸು ತೆಗೆಯಬೇಡಿ, ಕೆಲವು ಮರಿಹುಳು ಚರ್ಮ ಕೊರೆಯಬಲ್ಲವು.

ಅಳೆಯುವ ಮೊದಲು ಕಣ್ಣುಮಸೂರದ ಮೈಕ್ರೋಮೀಟರನ್ನು ಸ್ಟೇಜ್ ಮೈಕ್ರೋಮೀಟರ್ ಜೊತೆ ಹೊಂದಿಸಿಕೊಳ್ಳಿ. ಪ್ರತಿ ಮಸೂರಕ್ಕೂ ಬೇರೆ ಬೇರೆ ಮಾಡಬೇಕು. ಈ ಕೆಲಸ ಬಿಟ್ಟು ಬರೆದ ಮೈಕ್ರಾನ್ ಲೆಕ್ಕಕ್ಕೆ ಬೆಲೆಯಿಲ್ಲ.

ಈಗ ಒಂದೊಂದೇ ಪ್ರಶ್ನೆ ಕೇಳುತ್ತಾ ಹೋಗಿ.

ಹೊರಕವಚ ಇದೆಯಾ? ಮೂರನೇ ಹಂತದ ಮರಿಹುಳು ತನ್ನ ಹಿಂದಿನ ಹಂತದ ಪೊರೆಯನ್ನು ಕಳಚದೆ ಮೈಮೇಲೆ ಉಳಿಸಿಕೊಂಡಿರುತ್ತದೆ. ಕವಚ ಇಲ್ಲ, ಗಂಟಲುನಾಳ ಮೈಯ ಅರ್ಧದ ಹತ್ತಿರ ಇದೆ, ಬಾಲದ ತುದಿ ಸೀಳಿದೆ ಎಂದರೆ ಸ್ಟ್ರಾಂಗೈಲಾಯ್ಡಿಸ್. ಕವಚ ಇಲ್ಲ, ಗಂಟಲುನಾಳ ಗಿಡ್ಡ, ಅದರಲ್ಲಿ ಉಬ್ಬು ಇದೆ ಎಂದರೆ ಮಣ್ಣಿನ ಸ್ವತಂತ್ರ ಹುಳು ಅಥವಾ ಇನ್ನೂ ಬೆಳೆಯದ ಮರಿ. ಅದನ್ನು ಲೆಕ್ಕಕ್ಕೆ ಸೇರಿಸಬೇಡಿ.

ಕರುಳಿನಲ್ಲಿ ಎಷ್ಟು ಕೋಶ? ಎಂಟೇ ಇದ್ದು, ಹುಳು 900 ಮೈಕ್ರಾನ್ ದಾಟಿದ್ದರೆ ನೆಮಟೊಡೈರಸ್. 24ರಿಂದ 32 ಆಯತಾಕಾರದ ಕೋಶಗಳಿದ್ದರೆ ಚಬರ್ಶಿಯ. 16ರಿಂದ 24 ತ್ರಿಕೋನಾಕಾರದ ಕೋಶ ಇದ್ದು, ಕವಚದ ಬಾಲ ದಾರದಂತೆ ಉದ್ದ ಇದ್ದರೆ ಈಸೊಫಾಗೊಸ್ಟೋಮಮ್. ಸರಿಯಾಗಿ 16 ಇದ್ದರೆ ಮುಂದಿನ ಪ್ರಶ್ನೆಗೆ ಬನ್ನಿ.

ಮರಿಹುಳುವಿನ ಬಾಲದ ತುದಿಯಿಂದ ಕವಚದ ತುದಿಗೆ ಎಷ್ಟು ದೂರ? ನಾನು ಅತಿ ಹೆಚ್ಚು ನಂಬುವ ಅಳತೆ ಇದು. ಟ್ರೈಕೊಸ್ಟ್ರಾಂಗೈಲಸ್‌ನಲ್ಲಿ ಇದು 20ರಿಂದ 40 ಮೈಕ್ರಾನ್, ಕವಚದ ತುದಿ ಗಿಡ್ಡ, ಚೂಪು. ಹೀಮಾಂಕಸ್‌ನಲ್ಲಿ ಸುಮಾರು 65ರಿಂದ 80, ಅಂದರೆ ಹೆಚ್ಚು ಕಡಿಮೆ ಎರಡರಿಂದ ಎರಡೂವರೆ ಪಟ್ಟು. ತುದಿ ಸಾಮಾನ್ಯವಾಗಿ ಒಂದು ಕಡೆ ಸ್ವಲ್ಪ ಬಾಗಿರುತ್ತದೆ. ಹುಳುವಿನ ಒಟ್ಟು ಉದ್ದ 650–750 ಮೈಕ್ರಾನ್, ತಲೆ ಕಿರಿದಾಗಿ ದುಂಡಗೆ. ಈಸೊಫಾಗೊಸ್ಟೋಮಮ್ ಮತ್ತು ಚಬರ್ಶಿಯದಲ್ಲಿ ಈ ದೂರ 110 ಮೈಕ್ರಾನ್ ದಾಟುತ್ತದೆ. ಹುಳುವೇ ಪುಟ್ಟದಾಗಿ, ಬಾಲ ಮಾತ್ರ ಚಾಟಿಯಂತೆ ಉದ್ದ ಇದ್ದರೆ ಕೊಕ್ಕೆಹುಳು ಬ್ಯೂನೊಸ್ಟೋಮಮ್. ತಲೆಯ ತುದಿಯಲ್ಲಿ ಎರಡು ಹೊಳೆಯುವ ಚುಕ್ಕೆ ಕಂಡರೆ ಕೂಪೀರಿಯ. ತಂಪು ಸೀಮೆಯ ಟೆಲಡಾರ್ಸೇಜಿಯಕ್ಕೂ 16 ಕೋಶ, ಗಿಡ್ಡ ಬಾಲ. ಆದರೆ ಅದರ ಉದ್ದ 800 ಮೈಕ್ರಾನ್ ಹತ್ತಿರ ಅಥವಾ ಇನ್ನೂ ಜಾಸ್ತಿ.

ಒಂದು ಹುಳು ನೋಡಿ ತೀರ್ಮಾನ ಬೇಡ. ಒಂದು ಮಾದರಿಯಿಂದ ನೂರು ಮರಿಹುಳು ನೋಡಿ ಶೇಕಡಾವಾರು ಬರೆಯಿರಿ. ಆ ಶೇಕಡಾವಾರನ್ನು ಓದುವಾಗಲೂ ಎಚ್ಚರ ಬೇಕು. ಒಂದು ಹೆಣ್ಣು ಹೀಮಾಂಕಸ್ ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತದೆ. ಟ್ರೈಕೊಸ್ಟ್ರಾಂಗೈಲಸ್ ಇಡುವುದು ಕೆಲವು ನೂರು. ಹಾಗಾಗಿ ತಟ್ಟೆಯಲ್ಲಿ ಹೀಮಾಂಕಸ್ ಶೇ. 80 ಕಂಡರೆ ಹೊಟ್ಟೆಯಲ್ಲೂ ಶೇ. 80 ಇದೆ ಎಂದು ಅರ್ಥವಲ್ಲ. ಹೊಟ್ಟೆಯಲ್ಲಿ ಟ್ರೈಕೊಸ್ಟ್ರಾಂಗೈಲಸ್ಸೇ ಹೆಚ್ಚಿರಬಹುದು.

ಹಂತ 4: ದೊಡ್ಡ ಹುಳು ಆಯುವುದು

ಸತ್ತ ಅಥವಾ ಕಡಿದ ಪ್ರಾಣಿ ಸಿಕ್ಕರೆ ತಡ ಮಾಡಬೇಡಿ. ನಾಲ್ಕನೇ ಹೊಟ್ಟೆ, ಸಣ್ಣ ಕರುಳು, ದೊಡ್ಡ ಕರುಳುಗಳ ತುದಿ ದಾರದಿಂದ ಕಟ್ಟಿ ಬೇರೆ ಬೇರೆ ಮಾಡಿ. ಕಟ್ಟದೆ ಬಿಟ್ಟರೆ ಹುಳುಗಳು ಒಂದರಿಂದ ಇನ್ನೊಂದಕ್ಕೆ ಹೋಗುತ್ತವೆ, ಎಲ್ಲಿ ಸಿಕ್ಕಿತು ಎನ್ನುವ ದೊಡ್ಡ ಸುಳಿವೇ ಕಳೆದುಹೋಗುತ್ತದೆ. ಪ್ರತಿಯೊಂದನ್ನೂ ಬಕೆಟ್‌ನಲ್ಲಿ ಸೀಳಿ, ಒಳಗೋಡೆ ಉಜ್ಜಿ ತೊಳೆದು, ನೀರು ಸೇರಿಸಿ ಎರಡು ಲೀಟರ್ ಮಾಡಿ. ಚೆನ್ನಾಗಿ ಕಲಕುತ್ತಲೇ 200 ಮಿಲಿ ತೆಗೆದು ಕಪ್ಪು ತಟ್ಟೆಯಲ್ಲಿ ಹುಳು ಎಣಿಸಿ ಹತ್ತರಿಂದ ಗುಣಿಸಿ.

ನಾಲ್ಕನೇ ಹೊಟ್ಟೆಯಲ್ಲಿ ಎರಡು ಮೂರು ಸೆಂಟಿಮೀಟರ್ ಉದ್ದದ, ಕೆಂಪು-ಬಿಳಿ ಸುರುಳಿಯ ಹುಳು ಕಂಡರೆ ಅದು ಹೆಣ್ಣು ಹೀಮಾಂಕಸ್. ಕುಡಿದ ರಕ್ತದಿಂದ ಕೆಂಪಾದ ಕರುಳಿನ ಸುತ್ತ ಬಿಳಿ ಅಂಡಾಶಯ ಸುತ್ತಿಕೊಂಡಿರುವುದರಿಂದ ಆ ಪಟ್ಟೆ. ಗಂಡು ಸ್ವಲ್ಪ ಚಿಕ್ಕದು, ಒಂದೇ ಸಮ ಕೆಂಪು. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿ ರಕ್ತ ಕಳೆಯುತ್ತದೆ. 5,000 ಹುಳು ಇದ್ದರೆ ದಿನಕ್ಕೆ 250 ಮಿಲಿ. ಆ ಕುರಿ ಯಾಕೆ ಬಿಳಿಚಿತ್ತು ಎಂದು ಈ ಲೆಕ್ಕವೇ ಹೇಳುತ್ತದೆ, ಅಲ್ವಾ? ಹುಳು ಸತ್ತು ಹೊತ್ತಾದರೆ ಬಣ್ಣ ಮಾಸುತ್ತದೆ. ಆಮೇಲೆ ಬಣ್ಣ ನಂಬಬೇಡಿ.

ಅದೇ ಹೊಟ್ಟೆಯಲ್ಲಿ ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ ಕೂದಲಿನಂಥ ಹುಳು ಇದ್ದರೆ ಟ್ರೈಕೊಸ್ಟ್ರಾಂಗೈಲಸ್ ಆಕ್ಸಿ ಇರಬಹುದು. ಸಣ್ಣ ಕರುಳಿನಲ್ಲಿ ಟ್ರೈಕೊಸ್ಟ್ರಾಂಗೈಲಸ್‌ನ ಬೇರೆ ಪ್ರಭೇದಗಳು, ಕೂಪೀರಿಯ, ಮತ್ತು ತಲೆ ಬೆನ್ನಿನ ಕಡೆಗೆ ಬಾಗಿದ ಕೊಕ್ಕೆಹುಳು. ದೊಡ್ಡ ಕರುಳಿನಲ್ಲಿ ಚಾಟಿಹುಳು, ಗಂಟೆಯಾಕಾರದ ದೊಡ್ಡ ಬಾಯಿಯ ಚಬರ್ಶಿಯ, ಮತ್ತು ಈಸೊಫಾಗೊಸ್ಟೋಮಮ್ ಕೊಲಂಬಿಯಾನಮ್. ಈ ಕೊನೆಯದು ಇದ್ದರೆ ಕರುಳಿನ ಗೋಡೆಯ ಮೇಲೆ ಗಟ್ಟಿ ಗಂಟುಗಳು ಕೈಗೇ ಸಿಗುತ್ತವೆ.

ಹಂತ 5: ಗಂಡುಹುಳುವಿನ ಬಾಲ

ಪ್ರಭೇದದ ಹೆಸರು ಬಹುಪಾಲು ಇಲ್ಲೇ ಸಿಗುತ್ತದೆ. ಹುಳುವನ್ನು ಬಿಸಿ ಮಾಡಿದ ಶೇ. 70ರ ಆಲ್ಕೋಹಾಲಿಗೆ ಹಾಕಿದರೆ ನೆಟ್ಟಗಾಗಿ ಸಾಯುತ್ತದೆ. ಆಲ್ಕೋಹಾಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕಾಯಿಸಿ, ಬೆಂಕಿಯ ಹತ್ತಿರ ಬೇಡ. ನಂತರ ಲ್ಯಾಕ್ಟೋಫಿನಾಲ್‌ನಲ್ಲಿ ಕೆಲವು ಗಂಟೆ ಇಟ್ಟರೆ ಮೈ ಪಾರದರ್ಶಕವಾಗುತ್ತದೆ. ಅದರಲ್ಲಿರುವ ಫಿನಾಲ್ ಚರ್ಮ ಸುಡುತ್ತದೆ, ಜೋಪಾನ. ಬಾಲದ ಭಾಗವನ್ನು ಕವರ್‌ಗ್ಲಾಸ್ ಕೆಳಗೆ ಮೆಲ್ಲಗೆ ಒತ್ತಿ ಬರ್ಸಾ ಬಿಚ್ಚಿಕೊಳ್ಳುವಂತೆ ಮಾಡಿ.

ನೋಡಬೇಕಾದದ್ದು ಎರಡು: ಬರ್ಸಾದ ಕಡ್ಡಿಗಳು ಹೇಗೆ ಹರಡಿವೆ, ಮತ್ತು ಸ್ಪಿಕ್ಯೂಲ್ ಎಂಬ ಜೋಡಿ ಗಟ್ಟಿ ಕಡ್ಡಿಗಳ ಉದ್ದ, ಆಕಾರ, ತುದಿ. ಹೀಮಾಂಕಸ್ ಕಾಂಟಾರ್ಟಸ್‌ನಲ್ಲಿ ಬರ್ಸಾದ ಬೆನ್ನಿನ ಹಾಳೆ ನಡುವೆ ಇರದೆ ಒಂದು ಪಕ್ಕಕ್ಕೆ ಸರಿದಿರುತ್ತದೆ. ಅದನ್ನು ಹಿಡಿದ ಕಡ್ಡಿ ಕವಲೊಡೆದಿರುತ್ತದೆ. ಸ್ಪಿಕ್ಯೂಲ್ ಅರ್ಧ ಮಿಲಿಮೀಟರಿಗೆ ಹತ್ತಿರ, ತುದಿಯ ಬಳಿ ಪುಟ್ಟ ಮುಳ್ಳು. ಟ್ರೈಕೊಸ್ಟ್ರಾಂಗೈಲಸ್ ಆಕ್ಸಿಯ ಎರಡು ಸ್ಪಿಕ್ಯೂಲ್ ಒಂದೇ ಉದ್ದ ಇರುವುದಿಲ್ಲ, ಗುರುತು ಸುಲಭ. ಅದೇ ಕುಲದ ಕಾಲೂಬ್ರಿಫಾರ್ಮಿಸ್‌ನಲ್ಲಿ ಎರಡೂ ಸಮ, ತುದಿಯಲ್ಲಿ ತ್ರಿಕೋನದ ಮುಳ್ಳು. ವಿಟ್ರಿನಸ್‌ನಲ್ಲಿ ಸಮ, ನೇರ, ತುದಿ ಚೂಪು. ಇವುಗಳ ಹೆಣ್ಣು ಮಾತ್ರ ಸಿಕ್ಕರೆ ಕುಲಕ್ಕೆ ನಿಲ್ಲಿಸಿ.

ಹೀಮಾಂಕಸ್ ಹೆಣ್ಣಿನಲ್ಲಿ ಯೋನಿದ್ವಾರದ ಮೇಲೆ ನಾಲಿಗೆಯಂಥ ಒಂದು ಮಡಿಕೆ ಇರುತ್ತದೆ ಎಂದು ಎಲ್ಲರೂ ಕಲಿಯುತ್ತಾರೆ. ಆದರೆ ಕೆಲವು ಹೆಣ್ಣುಗಳಲ್ಲಿ ಅಲ್ಲಿ ಬರೀ ಗುಬುಟು ಇರುತ್ತದೆ, ಕೆಲವದರಲ್ಲಿ ಏನೂ ಇಲ್ಲದೆ ನುಣುಪು. ಮಡಿಕೆ ಇಲ್ಲ ಎಂದು ಹೀಮಾಂಕಸ್ ಅಲ್ಲ ಎನ್ನಬೇಡಿ. ಆಗ ಕತ್ತಿನ ಎರಡು ಬದಿಯ ಮುಳ್ಳಿನಂಥ ಉಬ್ಬು ಮತ್ತು ಬಾಯೊಳಗಿನ ಒಂಟಿ ಚೂಪು ಹಲ್ಲು ನೋಡಿ.

ದನ-ಎಮ್ಮೆಗಳಲ್ಲಿ ಕೆಲಸ ಮಾಡುವವರು ಮೆಸಿಸ್ಟೊಸಿರಸ್ ಡಿಜಿಟೇಟಸ್ ಮರೆಯಬಾರದು. ಅದೂ ನಾಲ್ಕನೇ ಹೊಟ್ಟೆಯಲ್ಲೇ ಇರುತ್ತದೆ, ರಕ್ತ ಹೀರುತ್ತದೆ, ಬರಿಗಣ್ಣಿಗೆ ಹೀಮಾಂಕಸ್‌ನಂತೆಯೇ ಕಾಣುತ್ತದೆ. ಆದರೆ ಹೆಣ್ಣಿನ ಯೋನಿದ್ವಾರ ಗುದದ ಹತ್ತಿರವೇ ಇರುತ್ತದೆ. ಗಂಡಿನ ಸ್ಪಿಕ್ಯೂಲ್ ದಾರದಂತೆ ತೆಳು, ಹಲವು ಮಿಲಿಮೀಟರ್ ಉದ್ದ. ಹತ್ತು ಪಟ್ಟು ವ್ಯತ್ಯಾಸ, ಒಮ್ಮೆ ನೋಡಿದರೆ ಸಾಕು.

ಹಂತ 6: ಡಿಎನ್‌ಎ ಯಾವಾಗ ಬೇಕು

ನಮ್ಮ ಹಳ್ಳಿಗಳಲ್ಲಿ ಕುರಿ, ಮೇಕೆ, ದನ ಒಂದೇ ಗೋಮಾಳದಲ್ಲಿ ಮೇಯುತ್ತವೆ. ಕುರಿಯ ಹೀಮಾಂಕಸ್ ಕಾಂಟಾರ್ಟಸ್, ದನದ ಹೀಮಾಂಕಸ್ ಪ್ಲೇಸಿ ಎರಡೂ ಅಲ್ಲಿ ಸೇರುತ್ತವೆ. ಮೈಮೇಲಿನ ಉದ್ದಗೆರೆಗಳನ್ನು ಅಡ್ಡ ಸೀಳಿನಲ್ಲಿ ಎಣಿಸಿದರೆ ಕಾಂಟಾರ್ಟಸ್‌ಗೆ 30, ಪ್ಲೇಸಿಗೆ 34. ಈ ಕೆಲಸಕ್ಕೆ ತಾಳ್ಮೆಯೂ ಅನುಭವವೂ ಬೇಕು. ಎರಡೂ ಸೇರಿ ಮಿಶ್ರ ಸಂತತಿ ಹುಟ್ಟುವುದೂ ಉಂಟು. ಇಂಥ ಕಡೆ ಡಿಎನ್‌ಎ ಬಿಟ್ಟರೆ ದಾರಿಯಿಲ್ಲ.

ಸಾಮಾನ್ಯವಾಗಿ ಬಳಸುವುದು ಐಟಿಎಸ್-2 ಎಂಬ ತುಣುಕು. ಎನ್‌ಸಿ1, ಎನ್‌ಸಿ2 ಎಂಬ ಪ್ರೈಮರ್‌ಗಳಿಂದ (ತುಣುಕಿನ ಎರಡು ತುದಿ ಹಿಡಿಯುವ ಪುಟ್ಟ ಡಿಎನ್‌ಎ ಎಳೆಗಳು) ಪಿಸಿಆರ್ ಮಾಡಿ, ಅಂದರೆ ಆ ತುಣುಕಿನ ಬಹಳಷ್ಟು ನಕಲು ತೆಗೆದು, ಅನುಕ್ರಮ ಓದಿಸುತ್ತಾರೆ. ಹೀಮಾಂಕಸ್‌ನಲ್ಲಿ ಇದು 231 ಅಕ್ಷರ. ಎರಡು ಪ್ರಭೇದಗಳ ನಡುವೆ ವ್ಯತ್ಯಾಸ ಮೂರೇ ಜಾಗದಲ್ಲಿ: 24, 205 ಮತ್ತು 219. ಅದೇ ಜಾಗಗಳಲ್ಲಿ ಎರಡೂ ಅಕ್ಷರ ಒಟ್ಟಿಗೆ ಕಂಡರೆ ಮಿಶ್ರ ಹುಳು ಎಂದು ಅನುಮಾನಿಸಬೇಕು. ಒಂದೇ ಹುಳುವಿನ ಡಿಎನ್‌ಎ ತೆಗೆದರೆ ಮಾತ್ರ ಈ ಮಾತಿಗೆ ಅರ್ಥ. ಹತ್ತು ಹುಳು ಅರೆದು ಹಾಕಿದರೆ ಎರಡು ಅಕ್ಷರ ಬರುವುದು ಸಹಜ.

ಡಿಎನ್‌ಎಗೆ ಬೇಕಾದ ಹುಳುವನ್ನು ಶೇ. 95ರ ಆಲ್ಕೋಹಾಲಿನಲ್ಲಿ ಇಡಿ. ಫಾರ್ಮಲಿನ್ ಹಾಕಿದರೆ ಡಿಎನ್‌ಎ ಕೆಡುತ್ತದೆ. ಈಚೆಗೆ ಮರಿಹುಳುಗಳ ಇಡೀ ಗುಂಪಿನಿಂದ ಒಮ್ಮೆಲೇ ಐಟಿಎಸ್-2 ಓದಿ, ಪ್ರತಿ ಪ್ರಭೇದದ ಪಾಲು ಹೇಳುವ ನೆಮಾಬಯೋಮ್ ವಿಧಾನ ಬಂದಿದೆ. ಮಂದೆ ಮಟ್ಟದ ಕೆಲಸಕ್ಕೆ ಅದು ಬಹಳ ಉಪಯುಕ್ತ.

ಹಂತ 7: ಹೆಸರು ಬರೆಯುವುದು, ಮಾದರಿ ಉಳಿಸುವುದು

ಪೂರ್ತಿ ಹೆಸರು ಹೀಗೆ: ಹೀಮಾಂಕಸ್ ಕಾಂಟಾರ್ಟಸ್ (ರುಡಾಲ್ಫಿ, 1803). ಆವರಣ ಚಿಹ್ನೆ ಸುಮ್ನೆ ಹಾಕಿದ್ದಲ್ಲ. ರುಡಾಲ್ಫಿ ಈ ಹುಳುವನ್ನು ಬೇರೆ ಕುಲದಲ್ಲಿ ಇಟ್ಟಿದ್ದರು. ಹೀಮಾಂಕಸ್ ಕುಲವನ್ನು ಕಾಬ್ 1898ರಲ್ಲಿ ಮಾಡಿದರು. ಕುಲ ಬದಲಾಗಿದೆ ಎಂದು ಆ ಚಿಹ್ನೆ ತಿಳಿಸುತ್ತದೆ. ಮರಿಹುಳು ಮಾತ್ರ ನೋಡಿದ್ದರೆ "ಹೀಮಾಂಕಸ್, ಪ್ರಭೇದ ನಿರ್ಧಾರವಾಗಿಲ್ಲ" ಎಂದು ಬರೆಯಿರಿ. ಅದು ಕಡಿಮೆ ದರ್ಜೆಯ ವರದಿ ಅಲ್ಲ.

ಚೀಟಿಯಲ್ಲಿ ಇರಬೇಕಾದದ್ದು: ಪ್ರಾಣಿ, ತಳಿ, ವಯಸ್ಸು, ಊರು, ತಾಲ್ಲೂಕು, ದಿನಾಂಕ, ಯಾವ ಅಂಗದಲ್ಲಿ ಸಿಕ್ಕಿತು, ಕೊನೆಯ ಸಲ ಯಾವ ಜಂತು ಔಷಧಿ ಕೊಟ್ಟರು, ಯಾವ ಲಕ್ಷಣ ನೋಡಿ ಗುರುತಿಸಿದಿರಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ. ಚೀಟಿಯನ್ನು ಸೀಸೆಯ ಒಳಗೇ ಹಾಕಿ.

ಸಂಶಯ ಇರುವ ಗಂಡುಹುಳು ಸಿಕ್ಕರೆ ಇಡಿಯಾಗಿ ಲ್ಯಾಕ್ಟೋಫಿನಾಲ್‌ಗೆ ಹಾಕಬೇಡಿ. ಬ್ಲೇಡಿನಿಂದ ಮೂರು ತುಂಡು ಮಾಡಿ. ತಲೆ ಮತ್ತು ಬಾಲ ಸ್ಲೈಡಿಗೆ, ನಡುಭಾಗ ಶೇ. 95ರ ಆಲ್ಕೋಹಾಲಿಗೆ. ಎರಡಕ್ಕೂ ಒಂದೇ ನಂಬರ್ ಕೊಡಿ. ಮುಂದೆ ಯಾರಾದರೂ ನಿಮ್ಮ ಹೆಸರಿಸುವಿಕೆಯನ್ನು ಪ್ರಶ್ನಿಸಿದರೆ ಆಕಾರವನ್ನೂ ಡಿಎನ್‌ಎಯನ್ನೂ ಅದೇ ಹುಳುವಿನಿಂದ ಮತ್ತೆ ನೋಡಬಹುದು.